ಎಲ್ಲರದೂ ಅರ್ಜೆಂಟ್ ಆದರೆ ರೌಟರ್ ಏನು ಮಾಡೀತು?

ಟ್ರಂಕ್ ಕಾಲ್ ಕಾಲವನ್ನು ನೀವು ಕಂಡಿಲ್ಲ. ಮೈಸೂರಿನಿಂದ ಮುಂಬೈಗೆ ಮಾತಾಡಬೇಕೆಂದರೆ ಎಕ್ಸ್‌ಚೇಂಜಿನಲ್ಲಿ ಕಾಲ್ ಬುಕ್ ಮಾಡಿ ಫೋನಿನ ಪಕ್ಕದಲ್ಲೇ ಕಾದು ಕೂರಬೇಕಿತ್ತು. ಅದರಲ್ಲೂ ಮೂರು ದರ್ಜೆ: ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್. ಅರ್ಜೆಂಟಿಗೆ ಎರಡು ಪಟ್ಟು ದುಡ್ಡು, ಲೈಟ್ನಿಂಗಿಗೆ ಎಂಟು ಪಟ್ಟು. ಆ ದರಕ್ಕೆ ಹೆದರಿ ಸಾಮಾನ್ಯರು ಸಾವು-ನೋವಿನ ಸುದ್ದಿ ಬಿಟ್ಟರೆ ಮೇಲಿನ ದರ್ಜೆಯ ಗೋಜಿಗೇ ಹೋಗುತ್ತಿರಲಿಲ್ಲ. ನಿಮ್ಮ ರೌಟರಿನಲ್ಲಿ ದರ್ಜೆ ಪುಕ್ಕಟೆ. ಹಾಗಾಗಿ ಟಿವಿ, ಲ್ಯಾಪ್‌ಟಾಪು, ಫೋನು ಎಲ್ಲಕ್ಕೂ ‘ಹೈಯೆಸ್ಟ್’ ಒತ್ತಿಟ್ಟು, ಮೀಟಿಂಗ್ ನಡುವೆ ದನಿ ತುಂಡಾಗುತ್ತದೆ ಎಂದು ನನಗೆ ಫೋನ್ ಮಾಡುತ್ತೀರಿ. ಕೇಳಿ ಹುಡುಗರೇ, ಕೆಲವು ಮಾತು ಹೇಳುತ್ತೇನೆ.

• ರೌಟರಿಗೆ ಲಾಗಿನ್ ಆಗುವ ಮೊದಲು ಒಂದು ಹಾಳೆಯಲ್ಲಿ ಮನೆಯೊಳಗೆ ಯಾವುದೆಲ್ಲ ಕಾಯಬಹುದು ಎಂದು ಬರೆಯಿರಿ. ಫೋಟೊ ಬ್ಯಾಕಪ್, ವಿಂಡೋಸ್ ಅಪ್‌ಡೇಟ್, ಗೇಮ್ ಡೌನ್‌ಲೋಡ್, ಕ್ಯಾಮೆರಾದ ಕ್ಲೌಡ್ ರೆಕಾರ್ಡಿಂಗ್. ಇವು ಅರ್ಧ ಗಂಟೆ ತಡವಾದರೆ ಯಾರ ಗಂಟೇನು ಹೋಗುತ್ತದೆ? ಕಾಯಲಾರದ್ದು ಬಹಳ ಕಡಿಮೆ: ಮಾತು, ವಿಡಿಯೊ ಕಾಲ್, ಮಕ್ಕಳ ಆನ್‌ಲೈನ್ ಪರೀಕ್ಷೆ. ಸಿನಿಮಾ, ಧಾರಾವಾಹಿಗಳು ನಡುವಿನವು. ಅವು ಮುಂದಿನ ಕೆಲವು ಸೆಕೆಂಡುಗಳ ದೃಶ್ಯವನ್ನು ಮೊದಲೇ ತುಂಬಿಕೊಂಡಿರುವುದರಿಂದ ಚಿಕ್ಕಪುಟ್ಟ ತಡೆ ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಟಿವಿಗೆ ಮೊದಲ ಸ್ಥಾನ ಕೊಡಬೇಡಿ, ಮನೆಯಲ್ಲಿ ಯಾರು ಎಷ್ಟೇ ಮುನಿಸಿಕೊಳ್ಳಲಿ.

• ದೊಡ್ಡ ಪ್ಲಾನ್ ಹಾಕಿಸಿದರೆ ಸರಿಹೋಗುತ್ತದೆ ಎಂಬ ಆಸೆ ಬೇಡ. ಬರೀ ಮಾತಿನ ಕರೆಗೆ 100 ಕೆಬಿಪಿಎಸ್ ಸಾಕು. ಹತ್ತು ಜನರ ಒಳ್ಳೆಯ ವಿಡಿಯೊ ಮೀಟಿಂಗಿಗೆ ಎರಡು ಮೂರು ಎಂಬಿಪಿಎಸ್, ಎಚ್‌ಡಿ ಸಿನಿಮಾಕ್ಕೆ ಸುಮಾರು 5, ಫೋರ್‌ಕೆ ಸಿನಿಮಾಕ್ಕೆ 15. 50 ಎಂಬಿಪಿಎಸ್ ಲೈನಿನಲ್ಲಿ ಇದೆಲ್ಲ ಒಟ್ಟಿಗೇ ಹಿಡಿಸುತ್ತದೆ. ಆದರೂ ದನಿ ಒಡೆಯುತ್ತದೆಯಲ್ಲ, ಅದರ ಕಾರಣ ಬೇರೆ ಕಡೆ ಇದೆ.

• ಆ ಕಾರಣದ ಹೆಸರು ಬಫರ್‌ಬ್ಲೋಟ್. ಇದೊಂದನ್ನು ನಿಧಾನವಾಗಿ ಓದಿ. ಉಳಿದದ್ದನ್ನು ಮರೆತರೂ ನಡೆಯುತ್ತದೆ. ಲೈನ್ ತುಂಬಿದಾಗ ರೌಟರು ಬಂದ ಪ್ಯಾಕೆಟ್‌ಗಳನ್ನು ಸಾಲಿನಲ್ಲಿ ನಿಲ್ಲಿಸುತ್ತದೆ. ಮೆಮೊರಿ ಅಗ್ಗವಾದ ಮೇಲೆ ತಯಾರಕರು ಈ ಸಾಲನ್ನು ಬೇಕಾಬಿಟ್ಟಿ ಉದ್ದ ಮಾಡಿಬಿಟ್ಟರು. ನಿಮ್ಮ ಅಪ್‌ಲೋಡ್ 10 ಎಂಬಿಪಿಎಸ್ ಎಂದುಕೊಳ್ಳಿ. ಯಾರದೋ ಫೋನು ಮದುವೆ ವಿಡಿಯೊ ಕಳಿಸುತ್ತಾ ಒಂದು ಮೆಗಾಬೈಟಿನ ಸಾಲು ಕಟ್ಟಿತು. ಅದು ಕರಗಲು 0.8 ಸೆಕೆಂಡು ಬೇಕು. ಆ ಸಾಲಿನ ಕೊನೆಗೆ ಸೇರಿದ ನಿಮ್ಮ ಮಾತು ಅಷ್ಟೂ ಹೊತ್ತು ಅಲ್ಲೇ ನಿಂತಿರುತ್ತದೆ. ಒಂದು ಕಡೆಯ ವಿಳಂಬ 150 ಮಿಲಿಸೆಕೆಂಡಿನೊಳಗಿದ್ದರೆ ಸಂಭಾಷಣೆ ಸಲೀಸು ಎನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಇಲ್ಲಿ ಅದರ ಐದು ಪಟ್ಟು ಆಯಿತು. ಇಬ್ಬರೂ ಒಟ್ಟಿಗೆ ಮಾತಾಡುವುದು, ಇಬ್ಬರೂ ಒಟ್ಟಿಗೆ ಸುಮ್ಮನಾಗುವುದು, ‘ಕೇಳಿಸ್ತಾ ಇದೆಯಾ?’ ಎಲ್ಲವೂ ಇದರಿಂದಲೇ. ಅಪ್‌ಲೋಡ್ ತುಂಬಿದರೆ ಡೌನ್‌ಲೋಡೂ ಕುಂಟುತ್ತದೆ. ಬಂದ ಮಾಲಿಗೆ ‘ತಲುಪಿತು’ ಎಂಬ ರಸೀದಿ ಅದೇ ಸಾಲಿನಲ್ಲಿ ಹೊರಗೆ ಹೋಗಬೇಕಲ್ಲ.

• ಈ ರೋಗಕ್ಕೆ ಮದ್ದು ಸಿಕ್ಕಿ ಬಹಳ ವರ್ಷವಾಯಿತು. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಕೋಡೆಲ್ ಎಂಬ ವಿಧಾನ ಕೊಟ್ಟರು. ಸಾಲಿನಲ್ಲಿ ಕಾಯುವ ಹೊತ್ತು 5 ಮಿಲಿಸೆಕೆಂಡಿಗಿಂತ ಇಳಿಯದೆ 100 ಮಿಲಿಸೆಕೆಂಡು ಹಾಗೆಯೇ ಮುಂದುವರಿದರೆ ಅದು ಒಂದೊಂದೇ ಪ್ಯಾಕೆಟ್ಟನ್ನು ಬೀಳಿಸುತ್ತದೆ. ಕಳಿಸುವ ಕಂಪ್ಯೂಟರು ಅದನ್ನು ಗಮನಿಸಿ ವೇಗ ಇಳಿಸುತ್ತದೆ. ಅದರ ಮುಂದಿನ ರೂಪ ಎಫ್‌ಕ್ಯೂ-ಕೋಡೆಲ್ ಪ್ರತಿ ಸಂಪರ್ಕಕ್ಕೂ ಬೇರೆ ಸಾಲು ಮಾಡಿ, ಆಗೊಮ್ಮೆ ಈಗೊಮ್ಮೆ ಸಣ್ಣ ಪ್ಯಾಕೆಟ್ ಕಳಿಸುವವರನ್ನು ಮುಂದೆ ಬಿಡುತ್ತದೆ. ಮಾತಿನ ಕರೆ ಅಂಥದ್ದೇ ತಾನೆ? ಹಾಗಾಗಿ ನೀವು ಒಂದು ನಿಯಮವನ್ನೂ ಬರೆಯದೆ ಅದಕ್ಕೆ ದಾರಿ ಸಿಗುತ್ತದೆ. ರೌಟರಿನ ಮೆನುವಿನಲ್ಲಿ ಎಸ್‌ಕ್ಯೂಎಂ, ಸ್ಮಾರ್ಟ್ ಕ್ಯೂ, ಕೇಕ್ ಎಂಬ ಹೆಸರು ಕಂಡರೆ ಕಣ್ಣುಮುಚ್ಚಿ ಅದನ್ನೇ ಆರಿಸಿ. ಓಪನ್‌ಡಬ್ಲ್ಯುಆರ್‌ಟಿ ಹಾಕಬಹುದಾದ ರೌಟರುಗಳಲ್ಲಿ ಇದು ಪುಕ್ಕಟೆ ಸಿಗುತ್ತದೆ. ಹೊಸದು ಕೊಳ್ಳುವವರು ಡಬ್ಬದ ಮೇಲೆ ಬರೆದ ವೇಗದ ಅಂಕಿ ಬಿಟ್ಟು ಇದನ್ನು ವಿಚಾರಿಸಿ.

• ಎಸ್‌ಕ್ಯೂಎಂ ಮೆನುವಿನಲ್ಲಿ ಅಪ್‌ಲೋಡ್, ಡೌನ್‌ಲೋಡ್ ವೇಗ ಎಷ್ಟು ಎಂದು ಕೇಳುತ್ತದೆ. ಪ್ಲಾನಿನಲ್ಲಿ ಬರೆದದ್ದನ್ನು ತುಂಬಬೇಡಿ. ಸಂಜೆ ಎಲ್ಲರೂ ಮನೆಯಲ್ಲಿರುವ ಹೊತ್ತಿನಲ್ಲಿ ಅಳೆದು, ಬಂದದ್ದರ ಶೇ 85ರಿಂದ 95ರಷ್ಟನ್ನು ಹಾಕಿ. ಸ್ವಲ್ಪ ವೇಗ ಬಿಟ್ಟುಕೊಟ್ಟಂತೆ ಕಾಣುತ್ತದೆ, ನಿಜ. ಆದರೆ ಇಡೀ ಲೈನಿನಲ್ಲಿ ಅತಿ ಕಿರಿದಾದ ಜಾಗ ನಿಮ್ಮ ರೌಟರೇ ಆದಾಗ ಮಾತ್ರ ಸಾಲು ಅಲ್ಲಿ ಕಟ್ಟುತ್ತದೆ, ನಿಮ್ಮ ಮಾತು ಕೇಳುತ್ತದೆ.

• ಫೈಬರ್ ಕಂಪನಿಯವರು ಗೋಡೆಗೆ ಹೊಡೆದು ಹೋದ ಓಎನ್‌ಟಿ ಪೆಟ್ಟಿಗೆಯೂ ಹೆಚ್ಚಾಗಿ ಒಂದು ರೌಟರೇ. ಅದಕ್ಕೂ ಸ್ವಂತ ವೈಫೈ ಇರುತ್ತದೆ. ನೀವು ಹಿಂದುಗಡೆ ಇನ್ನೊಂದು ಒಳ್ಳೆಯ ರೌಟರ್ ಇಟ್ಟು ನಿಯಮ ಬರೆದಿರಿ. ಮಗ ಹಳೆ ಪೆಟ್ಟಿಗೆಯ ವೈಫೈ ಹಿಡಿದು ನಿಮ್ಮ ನಿಯಮದ ಪಕ್ಕದಲ್ಲೇ ಗೇಮ್ ಇಳಿಸಿಕೊಂಡ. ಓಎನ್‌ಟಿಯ ವೈಫೈ ಆಫ್ ಮಾಡಿ. ಸಾಧ್ಯವಾದರೆ ಅದನ್ನು ಬ್ರಿಜ್ ಮೋಡಿಗೆ ಹಾಕಿಕೊಡಿ ಎಂದು ಕಂಪನಿಯ ಹುಡುಗನನ್ನು ಕೇಳಿ.

• ಒಂದೇ ಲ್ಯಾಪ್‌ಟಾಪಿನಲ್ಲಿ ಮೀಟಿಂಗೂ ನಡೆಯುತ್ತದೆ, ಒನ್‌ಡ್ರೈವ್ ಬ್ಯಾಕಪ್ಪೂ ನಡೆಯುತ್ತದೆ. ಲ್ಯಾಪ್‌ಟಾಪಿಗೆ ಮೇಲಿನ ದರ್ಜೆ ಕೊಟ್ಟರೆ ಬ್ಯಾಕಪ್ಪಿಗೂ ಕೊಟ್ಟಂತೆ. ಈಗ ಹೆಚ್ಚಿನ ಸಂಚಾರ ಗೂಢಲಿಪಿಯಲ್ಲಿ ಹೋಗುವುದರಿಂದ ಒಳಗೇನಿದೆ ಎಂದು ರೌಟರಿಗೆ ತಿಳಿಯುವುದೂ ಕಷ್ಟ. ಆದ್ದರಿಂದ ಮೂಲದಲ್ಲೇ ಲಗಾಮು ಹಾಕಿ. ಒನ್‌ಡ್ರೈವಿನ ಸೆಟ್ಟಿಂಗಿನಲ್ಲಿ ಅಪ್‌ಲೋಡ್ ಮಿತಿ ಇದೆ. ವಿಂಡೋಸಿನ ‘ಡೆಲಿವರಿ ಆಪ್ಟಿಮೈಸೇಶನ್’ ನಿಮ್ಮ ಅಪ್‌ಡೇಟನ್ನು ಊರಿನವರಿಗೆಲ್ಲ ಹಂಚದಂತೆ ಆಫ್ ಮಾಡಬಹುದು. ಬ್ಯಾಕಪ್ ರಾತ್ರಿಗಿಡಿ. ಖರ್ಚಿಲ್ಲ, ಫಲ ಖಚಿತ.

• ಫೋನುಗಳು ಈಗ ನಿಜವಾದ ಮ್ಯಾಕ್ ವಿಳಾಸವನ್ನು (ರೌಟರು ಅವನ್ನು ಗುರುತು ಹಿಡಿಯುವುದು ಇದರಿಂದಲೇ) ಬಚ್ಚಿಟ್ಟು ಬೇರೊಂದು ತೋರಿಸುತ್ತವೆ. ಆಂಡ್ರಾಯ್ಡ್ 10, ಐಓಎಸ್ 14ರಿಂದ ಇದೇ ರೂಢಿ. ಹೆಸರು ಹಿಡಿದು ನಿಯಮ ಬರೆಯುವುದಾದರೆ ಮನೆಯ ವೈಫೈಗೆ ಮಾತ್ರ ಈ ವೇಷ ತೆಗೆಸಿ.

• ದೋಷ ವೈಫೈನದ್ದಾದರೆ ಆದ್ಯತೆಯ ನಿಯಮ ಎಷ್ಟು ಬರೆದರೂ ವ್ಯರ್ಥ. ಮೊದಲು ರೌಟರಿಗೇ ಪಿಂಗ್ ಮಾಡಿ, ಸಾಮಾನ್ಯವಾಗಿ 192.168.1.1. ಅಲ್ಲೇ ಉತ್ತರ ಏರಿಳಿದರೆ ತಪ್ಪು ಗೋಡೆಯದು. ಮಲೆನಾಡಿನ ಹಳೆ ಮನೆಗಳ ದಪ್ಪ ಮಣ್ಣಿನ ಗೋಡೆ ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಸಿಗ್ನಲ್ ಸೋತುಹೋಗುತ್ತದೆ. ಕೆಲಸದ ಮೇಜಿಗೆ ಒಂದು ಲ್ಯಾನ್ ಕೇಬಲ್ ಎಳೆಸಿ. ನನ್ನನ್ನು ಕೇಳಿದರೆ ಇದಕ್ಕಿಂತ ದೊಡ್ಡ ಆದ್ಯತೆ ಇನ್ನೊಂದಿಲ್ಲ. 2.4ರಲ್ಲೇ ಇರಬೇಕಾದರೆ ಚಾನೆಲ್ 1, 6, 11ರಲ್ಲಿ ಖಾಲಿ ಇರುವುದನ್ನು ಹಿಡಿಯಿರಿ. ಡಬ್ಲ್ಯುಎಂಎಂ ಎಂಬುದನ್ನು ಆಫ್ ಮಾಡಬೇಡಿ. ಗಾಳಿಯಲ್ಲಿ ಮಾತು, ವಿಡಿಯೊಗಳನ್ನು ಬೇರ್ಪಡಿಸುವುದು ಅದೇ. ಆಫ್ ಮಾಡಿದರೆ ವೈಫೈ ವೇಗವೂ ಹಳೆಯ 54 ಎಂಬಿಪಿಎಸ್‌ಗೆ ಕುಸಿಯುತ್ತದೆ.

• ಅಂಗಡಿ, ಆಡಿಟರ್ ಕಚೇರಿ ಇಟ್ಟುಕೊಂಡವರಿಗೆ ಎರಡು ಮಾತು ಹೆಚ್ಚು. ನಾಲ್ಕು ಕ್ಯಾಮೆರಾ ತಲಾ 2 ಎಂಬಿಪಿಎಸ್ ಕ್ಲೌಡಿಗೆ ತಳ್ಳಿದರೆ 8 ಎಂಬಿಪಿಎಸ್ ಅಪ್‌ಲೋಡ್ ಹಗಲೂ ರಾತ್ರಿ ಹೋಯಿತು. ರೆಕಾರ್ಡಿಂಗ್ ಒಳಗಿನ ಡಿವಿಆರಿನಲ್ಲಿ ಇರಲಿ. ಸ್ವೈಪ್ ಮಷೀನು, ಯುಪಿಐ ಸೌಂಡ್‌ಬಾಕ್ಸು ಬಳಸುವ ಡೇಟಾ ಚಿಟಿಕೆಯಷ್ಟು, ಆದರೆ ಗಿರಾಕಿ ಎದುರಿಗೆ ನಿಂತಿರುತ್ತಾನೆ. ಅವಕ್ಕೆ ಧಾರಾಳವಾಗಿ ಮೊದಲ ಸ್ಥಾನ ಕೊಡಿ. ಬಂದವರಿಗೆ ಗೆಸ್ಟ್ ವೈಫೈ ಕೊಟ್ಟು ಅದಕ್ಕೊಂದು ವೇಗದ ಮಿತಿ ಕಟ್ಟಿ. ಐಪಿ ಫೋನುಗಳಿದ್ದರೆ ಅವು ಪ್ಯಾಕೆಟ್ಟಿನ ಮೇಲೆ ಡಿಎಸ್‌ಸಿಪಿ 46 ಎಂಬ ಗುರುತು ಹಾಕಿ ಕಳಿಸುವಂತೆ ನೋಡಿಕೊಳ್ಳಿ. ಆ ಗುರುತಿಗೆ ನಿಮ್ಮ ಕಾಂಪೌಂಡಿನೊಳಗೆ ಮಾತ್ರ ಮರ್ಯಾದೆ; ಹೊರಗಿನ ಇಂಟರ್ನೆಟ್ಟಿನಲ್ಲಿ ಅದನ್ನು ಸಾಮಾನ್ಯವಾಗಿ ಯಾರೂ ಲೆಕ್ಕಕ್ಕಿಡುವುದಿಲ್ಲ.

• ‘ಎಲ್ಲ ಡೇಟಾ ಸಮಾನ ಎಂದು ಕಾನೂನಿದೆಯಲ್ಲ, ಮಾವ?’ ಎಂದು ಒಬ್ಬ ಬುದ್ಧಿವಂತ ಕೇಳಿದ. ಟ್ರಾಯ್ 2016ರಲ್ಲಿ ಭೇದದ ದರಗಳನ್ನು ನಿಷೇಧಿಸಿದ್ದೂ, 2018ರಲ್ಲಿ ಸರ್ಕಾರ ನೆಟ್ ನ್ಯೂಟ್ರಾಲಿಟಿಯ ತತ್ವ ಒಪ್ಪಿದ್ದೂ ಸೇವೆ ಮಾರುವ ಕಂಪನಿಗಳಿಗೆ. ಮನೆಯೊಳಗೆ ನೀವು ಪಕ್ಷಪಾತ ಮಾಡಬಹುದು. ಆದರೆ ಕದ್ದು ಮಾಡಬೇಡಿ. ಹೆಂಡತಿಯ ಫೋನಿಗೆ ಮಿತಿ ಹಾಕಿದ್ದು ಒಂದಲ್ಲ ಒಂದು ದಿನ ಗೊತ್ತಾಗಿಯೇ ಆಗುತ್ತದೆ, ಆಮೇಲೆ ನಿಮ್ಮನ್ನು ಕಾಪಾಡುವ ಸೆಟ್ಟಿಂಗ್ ಯಾವ ರೌಟರಿನಲ್ಲೂ ಇಲ್ಲ.

• ರೌಟರಿನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಇಲ್ಲವಾದರೆ ನೀವು ಬರೆದ ದರ್ಜೆಯನ್ನು ಮಗ ಒಂದೇ ನಿಮಿಷದಲ್ಲಿ ತಿದ್ದಿಕೊಳ್ಳುತ್ತಾನೆ.

• 300 ಎಂಬಿಪಿಎಸ್ ಲೈನಿದ್ದು ಯಾರೂ ಗೊಣಗದಿದ್ದರೆ ಸುಮ್ಮನಿರಿ. ಅಗ್ಗದ ರೌಟರಿನಲ್ಲಿ ಆದ್ಯತೆಯ ಲೆಕ್ಕ ಶುರು ಮಾಡಿದರೆ ಅದರ ಪ್ರೊಸೆಸರಿಗೆ ಏದುಸಿರು ಬಂದು ಇರುವ ವೇಗವೂ ಇಳಿಯಬಹುದು.

• ಏನೇ ಬದಲಿಸಿದರೂ ಅಳೆದು ನೋಡಿ. 8.8.8.8ಕ್ಕೆ ಪಿಂಗ್ ಹಚ್ಚಿಟ್ಟು, ಜೊತೆಗೆ ಒಂದು ದೊಡ್ಡ ಫೈಲ್ ಅಪ್‌ಲೋಡ್ ಮಾಡಿ. 20 ಮಿಲಿಸೆಕೆಂಡು ಇದ್ದದ್ದು 40 ಆದರೆ ಚಿಂತೆಯಿಲ್ಲ. 400 ಆದರೆ ಸಾಲು ಇನ್ನೂ ಉದ್ದವಿದೆ, ವೇಗದ ಮಿತಿಯನ್ನು ಇನ್ನೊಂದಿಷ್ಟು ಇಳಿಸಿ. ಪಿಂಗ್ ಗೋಜು ಬೇಡದವರಿಗೆ ಫಾಸ್ಟ್ ಡಾಟ್ ಕಾಮ್ ಇದೆ. ಅದರಲ್ಲಿ ‘ಹೆಚ್ಚಿನ ಮಾಹಿತಿ’ ಒತ್ತಿದರೆ ಖಾಲಿ ಲೈನಿನ ವಿಳಂಬ, ತುಂಬಿದ ಲೈನಿನ ವಿಳಂಬ ಎರಡನ್ನೂ ತೋರಿಸುತ್ತದೆ.

• ಬೆಳಗಿನ ಜಾವ ಎಲ್ಲವನ್ನೂ ಆಫ್ ಮಾಡಿ, ಒಂದೇ ಲ್ಯಾಪ್‌ಟಾಪನ್ನು ಕೇಬಲಿನಲ್ಲಿ ಸಿಕ್ಕಿಸಿ ನೋಡಿದಾಗಲೂ ಪಿಂಗ್ ಜಿಗಿದಾಡುತ್ತಿದ್ದರೆ ತೊಂದರೆ ಬೀದಿಯ ಕಡೆಯ ಲೈನಿನಲ್ಲಿದೆ. ಆಗ ಸೆಟ್ಟಿಂಗ್ ಕೆದಕುವುದು ಬಿಟ್ಟು ಸ್ಕ್ರೀನ್‌ಶಾಟ್ ಸಮೇತ ಕಂಪನಿಗೆ ದೂರು ಕೊಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.