ಕಂಟೇನರ್ ಸಮೂಹದಲ್ಲಿ ರಕ್ಷಣಾ ನಿಯಮಗಳು

ಹಳೆಯ ವಠಾರವನ್ನು ಕಂಡವರಿಗೆ ಈ ವಿಷಯ ಕಠಿನವೆನಿಸದು. ವಠಾರದಲ್ಲಿ ಸಂಸಾರಗಳು ಬೇರೆ, ಬಾಗಿಲುಗಳು ಬೇರೆ. ಬಾವಿ ಮಾತ್ರ ಒಂದೇ. ಒಬ್ಬರ ಅಜಾಗ್ರತೆಯಿಂದ ನೀರು ಕೆಟ್ಟರೆ ಎಲ್ಲರಿಗೂ ಕೇಡು. ಕಂಟೇನರ್‌ಗಳ ಸ್ಥಿತಿಯೂ ಇಂಥದೇ. ಒಂದೇ ಗಣಕಯಂತ್ರದಲ್ಲಿ ಓಡುವ ಹತ್ತಾರು ಕಂಟೇನರ್‌ಗಳು ಪ್ರತ್ಯೇಕವಾಗಿ ತೋರಿದರೂ ಅವುಗಳಿಗೆ ಆಧಾರವಾದ ಲಿನಕ್ಸ್ ಕರ್ನಲ್ ಸಾಮಾನ್ಯವಾಗಿ ಒಂದೇ. ಯಾವುದಾದರೊಂದು ಕಂಟೇನರ್‌ಗೆ ಮಿತಿಮೀರಿದ ಅಧಿಕಾರ ಕೊಟ್ಟರೆ, ಅದರೊಳಗೆ ನುಗ್ಗಿದ ಕಳ್ಳನು ಇಡೀ ಯಂತ್ರವನ್ನೇ ವಶಪಡಿಸಿಕೊಳ್ಳಬಹುದು.

ಇಂಥ ಅನೇಕ ಯಂತ್ರಗಳನ್ನು ಒಂದಾಗಿ ನಡೆಸುವ ವ್ಯವಸ್ಥೆಗೆ ಕುಬರ್ನೆಟೀಸ್ ಎಂದು ಹೆಸರು. ಗ್ರೀಕ್ ಮೂಲದ ಈ ಪದಕ್ಕೆ ಚುಕ್ಕಾಣಿ ಹಿಡಿಯುವವನೆಂದು ಅರ್ಥ. ಗೂಗಲ್ ಸಂಸ್ಥೆಯವರು ಇದನ್ನು 2014ರಲ್ಲಿ ಪ್ರಕಟಿಸಿದರು. ಇಲ್ಲಿ ಕಂಟೇನರ್‌ಗಳು ಪಾಡ್ ಎಂಬ ಘಟಕದಲ್ಲಿಯೂ, ಪಾಡ್‌ಗಳು ನೇಮ್‌ಸ್ಪೇಸ್ ಎಂಬ ವಿಭಾಗದಲ್ಲಿಯೂ ಇರುತ್ತವೆ. ರ‍್ಯಾಂಚರ್ ಎಂಬ ನಿರ್ವಹಣಾ ಸಾಧನದಲ್ಲಿ ಹಲವು ನೇಮ್‌ಸ್ಪೇಸ್‌ಗಳು ಸೇರಿ ಒಂದು ‘ಪ್ರಾಜೆಕ್ಟ್’ ಆಗುತ್ತದೆ.

ಹಿಂದೆ ಪಾಡ್ ಸೆಕ್ಯುರಿಟಿ ಪಾಲಿಸಿ ಎಂಬ ಕ್ರಮವಿತ್ತು. ಅದರಲ್ಲಿ ನಿಯಮವು ಪಾಡನ್ನು ನಿರ್ಮಿಸುವವರ ಅಥವಾ ಅದರ ಸೇವಾಖಾತೆಯ ಹಕ್ಕಿಗೆ ಅಂಟಿಕೊಂಡಿತ್ತು. ಹಲವು ನಿಯಮಗಳು ಅನ್ವಯಿಸುವಾಗ ಯಾವುದು ಜಾರಿಯಾಯಿತೆಂದು ತಿಳಿಯುವುದೇ ಕಷ್ಟವಾಗುತ್ತಿತ್ತು. ಈ ಕ್ರಮವನ್ನು 2022ರಲ್ಲಿ, 1.25ನೆಯ ಆವೃತ್ತಿಯಿಂದ, ತೆಗೆದುಹಾಕಲಾಯಿತು. ಈಗ ನಿಯಮವನ್ನು ನೇಮ್‌ಸ್ಪೇಸ್‌ಗೇ ಒಂದು ಚೀಟಿಯಂತೆ ಅಂಟಿಸುತ್ತಾರೆ. ಯಾರು ತಂದರೆಂಬುದಕ್ಕಿಂತ ಎಲ್ಲಿ ಇಳಿಯಿತೆಂಬುದೇ ಮುಖ್ಯ.

ಮಟ್ಟಗಳು ಮೂರು. ‘ಪ್ರಿವಿಲೇಜ್ಡ್’ ಮಟ್ಟದಲ್ಲಿ ಯಾವ ನಿರ್ಬಂಧವೂ ಇಲ್ಲ. ‘ಬೇಸ್‌ಲೈನ್’ ಮಟ್ಟವು ಯಂತ್ರದ ಕಡತಗಳನ್ನೂ ಜಾಲವನ್ನೂ ಪಾಡ್ ನೇರವಾಗಿ ಮುಟ್ಟದಂತೆ ತಡೆಯುತ್ತದೆ. ‘ರಿಸ್ಟ್ರಿಕ್ಟೆಡ್’ ಮಟ್ಟದಲ್ಲಿ ಪಾಡ್ ರೂಟ್ ಅಧಿಕಾರದಿಂದ ಓಡುವಂತೆಯೇ ಇಲ್ಲ. ವಿಧಾನಗಳೂ ಮೂರು: ಎಚ್ಚರಿಸುವುದು, ದಾಖಲಿಸುವುದು, ತಡೆಯುವುದು.

ಇಲ್ಲಿ ಆತುರ ಸಲ್ಲದು. ಮೊದಲ ದಿನವೇ ‘ತಡೆ’ ಹಾಕಿದರೆ ಈಗಾಗಲೇ ಓಡುತ್ತಿರುವ ಪಾಡ್‌ಗಳು ನಿಲ್ಲುವುದಿಲ್ಲ. ಆದ್ದರಿಂದ ಎಲ್ಲವೂ ಸರಿಯಿದೆಯೆಂಬ ಭ್ರಮೆ ಹುಟ್ಟುತ್ತದೆ. ಮುಂದೆಂದೋ ಯಂತ್ರ ಕೆಟ್ಟು ಪಾಡ್ ಮರುಹುಟ್ಟಬೇಕಾದಾಗ ನಿಯಮವು ಅದನ್ನು ಒಳಗೆ ಬಿಡದು; ಸೇವೆ ನಿಂತುಹೋಗುತ್ತದೆ. ಆದಕಾರಣ ಮೊದಲು ಎಚ್ಚರಿಕೆ ಮತ್ತು ದಾಖಲೆಗಳನ್ನು ಹಾಕಿ, ದೋಷಗಳನ್ನು ತಿದ್ದಿ, ಬಳಿಕ ತಡೆಯನ್ನು ಜಾರಿಗೆ ತರುವುದು ವಿವೇಕ.

ಇನ್ನೊಂದು ಮಾತು. ಒಂದು ಕೆಲಸಕ್ಕೆ ಹೆಚ್ಚಿನ ಅಧಿಕಾರ ನಿಜವಾಗಿಯೂ ಬೇಕಾದರೆ ಅದಕ್ಕೆ ಬೇರೆ ನೇಮ್‌ಸ್ಪೇಸ್ ಕೊಡಬೇಕೇ ಹೊರತು ಇಡೀ ಪ್ರಾಜೆಕ್ಟಿನ ನಿಯಮವನ್ನು ಸಡಿಲಿಸಬಾರದು. ಚೀಟಿಯನ್ನು ಬದಲಿಸುವ ಹಕ್ಕು ಪ್ರಾಜೆಕ್ಟಿನವರ ಕೈಯಲ್ಲಿಯೂ ಇರಬಾರದು. ಬೀಗ ಹಾಕಿ, ಕೀಲಿಯನ್ನು ಬಾಗಿಲಿಗೇ ತೂಗುಹಾಕಿದರೆ ಫಲವೇನು?

ನಿಯಮವೆಂದರೆ ಅವಿಶ್ವಾಸವಲ್ಲ, ಒಂದೇ ಬಾವಿಯ ನೀರು ಕುಡಿಯುವವರು ಪರಸ್ಪರ ತೋರುವ ಮರ್ಯಾದೆ.