ಮಾರ್ಫಿನ್ ಪತ್ತೆಗೆ ಕಿಣ್ವ ಜೋಡಿಸಿದ ಪ್ರತಿಕಾಯ

ಮಾರ್ಫಿನ್, ಕೊಡೀನ್‌ನಂಥ ಅಫೀಮು ಮೂಲದ ವಸ್ತುಗಳು ರಕ್ತದಲ್ಲೋ ಮೂತ್ರದಲ್ಲೋ ನ್ಯಾನೊಗ್ರಾಂ ಲೆಕ್ಕದಲ್ಲಿದ್ದರೂ ಸುಳಿವು ಕೊಡುವ ವಿಧಾನ ಎಲಿಸಾ. ಸ್ವೀಡನ್ನಿನ ಎಂಗ್ವಾಲ್ ಮತ್ತು ಪರ್ಲ್‌ಮನ್ ಇದನ್ನು 1971ರಲ್ಲಿ ಪ್ರಕಟಿಸಿದರು. ಇದರಲ್ಲಿ ಪ್ರತಿಕಾಯಕ್ಕೆ ಹಾರ್ಸ್‌ರ್ಯಾಡಿಷ್ ಪೆರಾಕ್ಸಿಡೇಸ್ ಎಂಬ ಕಿಣ್ವವನ್ನು ಜೋಡಿಸಿರುವುದು ವಾಡಿಕೆ. ಪ್ರತಿಕಾಯ ಅಂಟಿಕೊಂಡ ಕಡೆ ಆ ಕಿಣ್ವ ಬಣ್ಣ ಬರಿಸುತ್ತದೆ.

ಮಾರ್ಫಿನ್‌ನ ಅಣುಭಾರ ಸುಮಾರು 285 ಮಾತ್ರ. ಇಷ್ಟು ಪುಟ್ಟ ಅಣುವನ್ನು ಎರಡು ಪ್ರತಿಕಾಯಗಳು ಒಟ್ಟಿಗೆ ಹಿಡಿಯಲಾರವು. ಹೀಗಾಗಿ ಇಲ್ಲಿ ನಡೆಯುವುದು ಸ್ಪರ್ಧಾತ್ಮಕ ಪರೀಕ್ಷೆ: ತಟ್ಟೆಗೆ ಅಂಟಿಸಿದ ಮಾರ್ಫಿನ್ ಮತ್ತು ಮಾದರಿಯಲ್ಲಿರುವ ಮಾರ್ಫಿನ್ ಒಂದೇ ಪ್ರತಿಕಾಯಕ್ಕಾಗಿ ಪೈಪೋಟಿ ನಡೆಸುತ್ತವೆ. ಮಾದರಿಯಲ್ಲಿ ಮಾರ್ಫಿನ್ ಹೆಚ್ಚಿದಷ್ಟೂ ಬಣ್ಣ ಕಡಿಮೆ.

ಮೊದಲ ಹಂತ ಲೇಪನ. ಪ್ರೋಟೀನಿಗೆ ಬೆಸೆದ ಮಾರ್ಫಿನ್ ಅನ್ನು ಪಿಎಚ್ 9.6ರ ಕಾರ್ಬೊನೇಟ್ ಬಫರ್‌ನಲ್ಲಿ ಕರಗಿಸಿ, 96 ಗುಳಿಗಳ ತಟ್ಟೆಗೆ ಹಾಕಿ, 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಇಡಬೇಕು. ಹೊಸಬರು ಎಡವುವುದು ಇಲ್ಲೇ. ಪ್ರತಿಕಾಯ ತಯಾರಿಸುವಾಗ ಹಸುವಿನ ಸೀರಂ ಆಲ್ಬುಮಿನ್ ಬಳಸಿದ್ದರೆ, ಲೇಪನಕ್ಕೆ ಅದನ್ನೇ ಬಳಸಬಾರದು. ಪ್ರತಿಕಾಯಗಳ ಒಂದು ಪಾಲು ಮಾರ್ಫಿನ್ ಬಿಟ್ಟು ಆ ಪ್ರೋಟೀನನ್ನೇ ಹಿಡಿದುಬಿಡುತ್ತದೆ. ಮೊಟ್ಟೆಯ ಆಲ್ಬುಮಿನ್‌ನಂಥ ಬೇರೆ ಪ್ರೋಟೀನು ಬೇಕು.

ಎರಡನೆಯದಾಗಿ, 0.05% ಟ್ವೀನ್-20 ಬೆರೆಸಿದ ಫಾಸ್ಫೇಟ್ ಬಫರ್‌ನಲ್ಲಿ ತೊಳೆದು, ಖಾಲಿ ಜಾಗವನ್ನು ಕೇಸಿನ್‌ನಿಂದ ಮುಚ್ಚಬೇಕು. ಬಳಿಕ ಮಾದರಿ 50 ಮೈಕ್ರೊಲೀಟರ್, ಕಿಣ್ವ ಜೋಡಿಸಿದ ಪ್ರತಿಕಾಯ 50 ಮೈಕ್ರೊಲೀಟರ್ ಸೇರಿಸಿ ಅರ್ಧದಿಂದ ಒಂದು ಗಂಟೆ ಬಿಡಬೇಕು. ಮಾರ್ಫಿನ್ ಪ್ರಮಾಣ ಗೊತ್ತಿರುವ ದ್ರಾವಣಗಳೂ ಮಾರ್ಫಿನ್ ಇಲ್ಲದ ಮಾದರಿಯೂ ಅದೇ ತಟ್ಟೆಯಲ್ಲಿರಬೇಕು, ಪ್ರತಿಯೊಂದಕ್ಕೂ ಎರಡೆರಡು ಗುಳಿ. ಬಫರ್‌ನಲ್ಲಿ ಸೋಡಿಯಂ ಅಜೈಡ್ ಇರಲೇಬಾರದು. ಅದು ಪೆರಾಕ್ಸಿಡೇಸನ್ನು ನಿಷ್ಕ್ರಿಯಗೊಳಿಸುತ್ತದೆ. ಆಗ ಬಣ್ಣ ಬಾರದಿದ್ದುದನ್ನು ಮಾರ್ಫಿನ್ ಇದೆ ಎಂದೇ ತಪ್ಪು ತಿಳಿಯುವ ಅಪಾಯವಿದೆ.

ಮತ್ತೆ ತೊಳೆದು, ಕಿಣ್ವ ತಾಗಿದಾಗ ಬಣ್ಣ ತಳೆಯುವ ಟಿಎಂಬಿ ಎಂಬ ರಾಸಾಯನಿಕದ ದ್ರಾವಣ ಹಾಕಿ ಕತ್ತಲಲ್ಲಿ 10–15 ನಿಮಿಷ ಇಟ್ಟರೆ ನೀಲಿ ಮೂಡುತ್ತದೆ. ದುರ್ಬಲ ಗಂಧಕಾಮ್ಲ ಬಿದ್ದೊಡನೆ ಕ್ರಿಯೆ ನಿಂತು ನೀಲಿ ಹಳದಿಯಾಗುತ್ತದೆ. 450 ನ್ಯಾನೊಮೀಟರ್‌ನಲ್ಲಿ ಅಳೆದು, ಗೊತ್ತಿರುವ ದ್ರಾವಣಗಳ ವಕ್ರರೇಖೆಯೊಂದಿಗೆ ಹೋಲಿಸಿ ಪ್ರಮಾಣ ತಿಳಿಯಬೇಕು.

ಉತ್ತರದ ಮಿತಿಯೂ ತಿಳಿದಿರಬೇಕು. ಮಾರ್ಫಿನ್‌ನ 3ನೇ ಸ್ಥಾನದಲ್ಲಿ ಪ್ರೋಟೀನು ಬೆಸೆದು ಪಡೆದ ಪ್ರತಿಕಾಯ ಕೊಡೀನನ್ನೂ ಚೆನ್ನಾಗಿಯೇ ಹಿಡಿಯುತ್ತದೆ, ಏಕೆಂದರೆ ಎರಡಕ್ಕೂ ವ್ಯತ್ಯಾಸವಿರುವುದು ಆ ಜಾಗದಲ್ಲೇ. ಫೆಂಟನಿಲ್‌ನ ರಚನೆ ಪೂರ್ತಿ ಬೇರೆ. ಅದಕ್ಕೆ ಪ್ರತ್ಯೇಕ ಪ್ರತಿಕಾಯವೇ ಬೇಕು. ಗಸಗಸೆಯಲ್ಲೂ ಅಲ್ಪ ಮಾರ್ಫಿನ್ ಇರುವುದರಿಂದ ಅದನ್ನು ತಿಂದವರ ಮೂತ್ರವೂ ಬಣ್ಣ ತಗ್ಗಿಸಬಹುದು. ಅಮೆರಿಕದ ಒಕ್ಕೂಟ ಸರ್ಕಾರ 1998ರಲ್ಲಿ ನೌಕರರ ಮೂತ್ರಪರೀಕ್ಷೆಯ ಮಿತಿಯನ್ನು ಮಿಲಿಲೀಟರಿಗೆ 300ರಿಂದ 2000 ನ್ಯಾನೊಗ್ರಾಂಗೆ ಏರಿಸಲು ಗಸಗಸೆಯೂ ಒಂದು ಕಾರಣ. ಎಲಿಸಾ ಕೊಡುವುದು ಸುಳಿವು ಮಾತ್ರ. ದ್ರವ್ಯರಾಶಿ ರೋಹಿತಮಾಪನದಿಂದ ಖಚಿತವಾಗುವವರೆಗೆ ಅದನ್ನು ಫಲಿತಾಂಶವೆಂದು ಬರೆಯಕೂಡದು.