ಮೈಸೂರಿಗೆ ಮನೆ ಬದಲಿಸುವ ಮುನ್ನ

ಬೆಂಗಳೂರಿನ ಗದ್ದಲ ಸಾಕಾಗಿ ಮೈಸೂರಿಗೆ ಹೊರಟಿದ್ದೀರಾ? ಒಳ್ಳೆಯ ಯೋಚನೆ. ಆದರೆ ಮನೆ, ಸೈಟು ಕೊಳ್ಳಲು ಆತುರ ಬೇಡ. ಮೊದಲು ಒಂದು ವರ್ಷ ಸರಸ್ವತಿಪುರಂ, ಕುವೆಂಪುನಗರದಂಥ ಕಡೆ ಬಾಡಿಗೆಗಿರಿ. ಬೇಸಿಗೆಯ ನೀರು, ಮಳೆಗಾಲದ ರಸ್ತೆ, ದಸರಾ ದಿನಗಳ ಜನಜಂಗುಳಿ ಎಲ್ಲವೂ ಆಗ ತಿಳಿಯುತ್ತವೆ.

ಕೆಲಸದ ವಿಷಯ ಮೊದಲೇ ಗಟ್ಟಿ ಮಾಡಿಕೊಳ್ಳಿ. ಎರಡೂ ಊರುಗಳ ನಡುವೆ ಸುಮಾರು 140 ಕಿ.ಮೀ. ದೂರ. 2023ರಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾಗಿದ್ದರೂ ದಿನವೂ ಓಡಾಡಿದರೆ ನೀವು ಬಯಸಿದ ನೆಮ್ಮದಿ ದಾರಿಯಲ್ಲೇ ಕರಗುತ್ತದೆ. ವಾರಕ್ಕೊಮ್ಮೆ ಹೋಗಿಬಂದರೆ ಸಾಕೆನ್ನುವವರಿಗೆ ರೈಲು ಹಿತ.

ಊರು ತಾನಾಗಿ ನಮ್ಮದಾಗುವುದಿಲ್ಲ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯಿರಿ, ದೇವರಾಜ ಮಾರುಕಟ್ಟೆಯಲ್ಲಿ ಹೂವು, ತರಕಾರಿ ಕೊಳ್ಳಿ, ಮಕ್ಕಳನ್ನು ರಂಗಾಯಣದ ನಾಟಕಕ್ಕೆ ಕರೆದೊಯ್ಯಿರಿ. ಅಕ್ಕಪಕ್ಕದವರನ್ನು ನೀವೇ ಮೊದಲು ಮಾತಾಡಿಸಿ.

ಮುಂದೆ ಹಳೆಯ ಮನೆ ಕೊಂಡರೆ, ಕೆಡವುವ ಮುಂಚೆ ಹೆಂಚು, ತೊಲೆ, ಗಾರೆಯ ಕೆಲಸ ಬಲ್ಲವರಿಗೆ ಒಮ್ಮೆ ತೋರಿಸಿ. ದುರಸ್ತಿಯಿಂದ ಉಳಿಯುವಂತಿದ್ದರೆ ದಯವಿಟ್ಟು ಉಳಿಸಿಕೊಳ್ಳಿ. ನೀವು ಮೆಚ್ಚಿ ಬಂದ ಮೈಸೂರಿನ ಚೆಲುವು ಅರಮನೆಯೊಂದರಲ್ಲೇ ಇಲ್ಲ, ಇಂಥ ಮನೆಗಳಲ್ಲೂ ಇದೆ.